ಕಡಲ ರಕ್ಷಣೆ: ಅರಿವು ಆಚಾರವಾಗಲಿ

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯ ಮಗ್ಗುಲಿಗಿರುವ ನಮ್ಮ ಮಾಕಳಿಯಂತಹ ಊರಿನವರಿಗೆ ಕಡಲೆಂಬುದು ಬಹು ದೂರದ ವಸ್ತು. ಪಶ್ಚಿಮಕ್ಕೆ ಮಂಗಳೂರಿಗೆ ಹೋದರೂ, ಪೂರ್ವಕ್ಕೆ ಚೆನ್ನೈಗೆ ಹೋದರೂ ಸುಮಾರು ಮುನ್ನೂರೈವತ್ತು ಕಿಲೋಮೀಟರು ಪ್ರಯಾಣ ಮಾಡದೆ ಅಲೆಯ ಸದ್ದು ಕಿವಿಗೆ ಬೀಳುವಂತಿಲ್ಲ. ನಾವಿರುವ ಈ ಪ್ರಸ್ಥಭೂಮಿಯು ಸಮುದ್ರ ಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದಲ್ಲಿದೆ. ಇಂತಹ ಊರಿನಲ್ಲಿ ಕುಳಿತು ಸಮುದ್ರ ಸಂರಕ್ಷಣೆಯ ಮಾತನ್ನಾಡಹೊರಟರೆ ಕೇಳಿದವರು ಮುಗುಳ್ನಗುವುದು ಸಹಜ.

ಜೂನ್ ೮ನ್ನು ವಿಶ್ವಸಂಸ್ಥೆಯು ವಿಶ್ವ ಸಾಗರ ದಿನವೆಂದು ೨೦೦೯ರಿಂದ ಆಚರಿಸುತ್ತ ಬಂದಿದೆ. ಅದರ ನೆಪದಲ್ಲಿ ನಮ್ಮ ಅಕ್ಕನ ಬಳಗದ ವಾರದ ಕೂಟದಲ್ಲಿ ಈ ವಿಷಯವನ್ನು ಎತ್ತಿದಾಗ ಹಿರಿಯರೊಬ್ಬರು ನೇರವಾಗಿಯೇ ಕೇಳಿದರು: "ಕೆರೆ ಉಳಿಸಿ ಅಂದ್ರೆ ಸರಿ ಕಣಮ್ಮಾ, ಒಪ್ಪೋ ಮಾತು. ಸಮುದ್ರಕ್ಕೂ ನಮಗೂ ಏನು ಸಂಬಂಧ? ನಾವು ಮೀನು ತಿನ್ನೋರಲ್ಲ, ದೋಣಿ ನಡೆಸೋರಲ್ಲ. ಅದನ್ನ ಮಂಗಳೂರಿನೋರಿಗೆ ಹೇಳಬೇಕು."

ಆ ತಾಯಿಯ ಪ್ರಶ್ನೆಯಲ್ಲಿ ಉಡಾಫೆಯಿರಲಿಲ್ಲ. ತನಗೆ ಸಂಬಂಧವಿಲ್ಲದ್ದನ್ನು ಯಾರೂ ಮನಸಾರೆ ಕಾಪಾಡಲಾರರು. ಆದ್ದರಿಂದ ಸಂಬಂಧವನ್ನು ತೋರಿಸಿಕೊಡುವುದೇ ಮೊದಲ ಕೆಲಸ. ಅಂದು ಕೂಟದಲ್ಲಿ ಹೇಳಿದ ನಾಲ್ಕು ಮಾತುಗಳನ್ನು, ಅಂದು ಹೇಳಲಾಗದೆ ಉಳಿದ ಕೆಲವನ್ನು ಶರಣ ಬಂಧುಗಳ ಮುಂದೆ ಇಲ್ಲಿ ಇಡುತ್ತಿದ್ದೇನೆ.

ಉಪ್ಪಿನ ಋಣ

ಮೀನು ತಿನ್ನದಿದ್ದರೂ ಉಪ್ಪು ತಿನ್ನದವರು ನಮ್ಮಲ್ಲಿ ಯಾರಿದ್ದಾರೆ? ಪ್ರಸಾದದ ಎಲೆಯ ತುದಿಗೆ ಮೊದಲು ಬೀಳುವುದೇ ಉಪ್ಪು. ಗುಜರಾತು, ತಮಿಳುನಾಡುಗಳ ವಿಶಾಲವಾದ ಉಪ್ಪಿನ ಗದ್ದೆಗಳಿಂದ ಅದು ನಮ್ಮ ಅಂಗಡಿಗಳಿಗೆ ಬರುತ್ತದೆ. ನಮ್ಮ ನಾಡಿನಲ್ಲಿಯೇ ಗೋಕರ್ಣದ ಬಳಿಯ ಸಾಣಿಕಟ್ಟೆಯಲ್ಲಿ ಕಡಲ ನೀರನ್ನು ಪಾತಿಗಳಿಗೆ ಹಾಯಿಸಿ ಬಿಸಿಲಿನಲ್ಲಿ ಒಣಗಿಸಿ ಉಪ್ಪು ತೆಗೆಯುವ ಕಸುಬು ತಲೆಮಾರುಗಳಿಂದ ನಡೆದುಬಂದಿದೆ. ೧೯೩೦ರಲ್ಲಿ ಅಂಕೋಲೆಯ ಜನರು ಉಪ್ಪಿನ ಸತ್ಯಾಗ್ರಹಕ್ಕೆ ಇಳಿದುದೂ ಈ ಕಡಲಿನ ಪ್ರಸಾದದ ಮೇಲೆ ಎಲ್ಲರಿಗೂ ಹಕ್ಕಿದೆ ಎಂಬ ಕಾರಣಕ್ಕಾಗಿಯೇ.

ಈಗ ಆ ಉಪ್ಪಿನ ಸ್ಥಿತಿಯೇನು? ಮುಂಬಯಿಯ ಐಐಟಿಯ ಸಂಶೋಧಕರು ನಮ್ಮ ದೇಶದ ಅಡುಗೆ ಉಪ್ಪಿನ ಮಾದರಿಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಪ್ಲಾಸ್ಟಿಕ್ಕಿನ ಅತಿ ಸೂಕ್ಷ್ಮ ಕಣಗಳಿರುವುದನ್ನು ೨೦೧೮ರಲ್ಲಿ ಪ್ರಕಟಿಸಿದರು. ನಾವು ಬಿಸಾಡಿದ್ದು ಪುಡಿಪುಡಿಯಾಗಿ ಕಡಲನ್ನು ಸೇರಿ, ಕಡಲು ಅದನ್ನು ಉಪ್ಪಿನೊಡನೆ ನಮ್ಮ ತಟ್ಟೆಗೇ ಹಿಂದಿರುಗಿಸುತ್ತಿದೆ. ಉಪ್ಪು ತಿಂದವರು ನೀರು ಕುಡಿಯಲೇಬೇಕೆಂಬ ಗಾದೆಗೆ ಇದಕ್ಕಿಂತ ನೇರವಾದ ಅರ್ಥವನ್ನು ನಾನು ಕಂಡಿಲ್ಲ.

ಉಪ್ಪನ್ನು ಬಿಟ್ಟು ಮಳೆಗೆ ಬರೋಣ. ಜೂನ್ ತಿಂಗಳಲ್ಲಿ ಅರಬ್ಬೀ ಸಮುದ್ರದ ಮೇಲಿಂದ ತೇವವನ್ನು ಹೊತ್ತು ಬರುವ ಗಾಳಿಯೇ ನಮ್ಮ ಮುಂಗಾರು. ಅದು ತಿರುಗಿದ ಮೇಲೆ ಬಂಗಾಳ ಕೊಲ್ಲಿಯ ಕಡೆಯಿಂದ ಬರುವುದು ಹಿಂಗಾರು. ೨೦೨೪ರ ಬೇಸಿಗೆಯಲ್ಲಿ ಬೆಂಗಳೂರು ಮತ್ತು ಅದರ ಸುತ್ತಣ ಪ್ರದೇಶದ ಕೊಳವೆ ಬಾವಿಗಳು ಬತ್ತಿ, ಟ್ಯಾಂಕರಿನ ದಾರಿ ಕಾಯುತ್ತ ಕೊಡಗಳನ್ನು ಸಾಲಾಗಿ ಇಟ್ಟ ದಿನಗಳನ್ನು ಯಾರೂ ಮರೆತಿರಲಾರರು. ಆ ಕೊಡಗಳಿಗೆ ಬರಬೇಕಾದ ನೀರು ಮೊದಲು ಹುಟ್ಟುವುದು ಕಡಲಿನಲ್ಲಿ. ಮನುಷ್ಯನ ಚಟುವಟಿಕೆಗಳಿಂದ ಭೂಮಿಯಲ್ಲಿ ಹೆಚ್ಚುತ್ತಿರುವ ಶಾಖದ ನೂರಕ್ಕೆ ತೊಂಬತ್ತು ಪಾಲನ್ನು, ನಾವು ಹೊರಬಿಡುವ ಇಂಗಾಲಾಮ್ಲದ ಸುಮಾರು ಕಾಲು ಪಾಲನ್ನು ಸಮುದ್ರಗಳು ತಮ್ಮೊಳಗೆ ಹೀರಿಕೊಳ್ಳುತ್ತಿವೆ. ಭೂಮಿಯಲ್ಲಿ ಉತ್ಪತ್ತಿಯಾಗುವ ಆಮ್ಲಜನಕದ ಸುಮಾರು ಅರ್ಧದಷ್ಟು ಕಡಲಿನ ಕಣ್ಣಿಗೆ ಕಾಣದ ಸಸ್ಯಜೀವಿಗಳ ಕೊಡುಗೆ. ನಮ್ಮ ಉಸಿರು, ನಮ್ಮ ಮಳೆ, ನಮ್ಮ ಉಪ್ಪು ಮೂರೂ ಕಡಲಿನಿಂದ ಬಂದಿರುವಾಗ ಸಂಬಂಧವಿಲ್ಲವೆನ್ನಲು ಬಾಯಿ ಬರುವುದಾದರೂ ಹೇಗೆ?

ಮೋರಿಯಿಂದ ಪೂಂಪುಹಾರಿನವರೆಗೆ

ಇದು ಕಡಲು ನಮಗೆ ಕೊಡುತ್ತಿರುವ ಬಗೆ. ನಾವು ಕಡಲಿಗೆ ಏನನ್ನು ಕಳುಹಿಸುತ್ತಿದ್ದೇವೆ ಎಂಬುದನ್ನು ತಿಳಿಯಬೇಕಾದರೆ ನಮ್ಮೂರಿನ ನೀರು ಹರಿಯುವ ದಾರಿಯನ್ನು ಹಿಡಿಯಬೇಕು.

ಮಾಕಳಿ ಇರುವುದು ಅರ್ಕಾವತಿಯ ಜಲಾನಯನ ಪ್ರದೇಶದಲ್ಲಿ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಕಡೆಯಿಂದ ಇಳಿದು ಹೆಸರಘಟ್ಟದ ಕೆರೆಗೆ ಬರುತ್ತದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಬೆಂಗಳೂರಿಗೆ ಕುಡಿಯುವ ನೀರನ್ನು ಒದಗಿಸಿದ ಕೆರೆ ಅದು. ಅಲ್ಲಿಂದ ಮುಂದೆ ತಿಪ್ಪಗೊಂಡನಹಳ್ಳಿಯಲ್ಲಿ ಶಿವಗಂಗೆಯ ಬೆಟ್ಟದಲ್ಲಿ ಹುಟ್ಟಿದ ಕುಮುದ್ವತಿ ಬಂದು ಕೂಡುತ್ತದೆ. ನಾವು ಕೈಮುಗಿಯುವ ಶಿವಗಂಗೆಯ ನೀರೂ, ನಮ್ಮ ಊರುಗಳ ಮೋರಿಯ ನೀರೂ ಒಂದೇ ಜಲಾಶಯದಲ್ಲಿ ಸೇರುತ್ತವೆ. ೧೯೩೦ರ ದಶಕದಲ್ಲಿ ಕಟ್ಟಿದ ಆ ಚಾಮರಾಜಸಾಗರ ಜಲಾಶಯದ ಜಲಾನಯನವನ್ನು ರಕ್ಷಿಸಲು ಸರ್ಕಾರವು ೨೦೦೩ರಲ್ಲಿ ಆದೇಶವನ್ನೇ ಹೊರಡಿಸಿತು. ಆದರೂ ನೀರು ಕಡಿಮೆಯಾಗಿ, ಇದ್ದ ನೀರೂ ಕಲುಷಿತವಾಗಿ, ೨೦೧೨ರಲ್ಲಿ ಅಲ್ಲಿಂದ ನಗರಕ್ಕೆ ನೀರೆತ್ತುವುದನ್ನು ನಿಲ್ಲಿಸಬೇಕಾಯಿತು. ಒಂದು ಕಾಲಕ್ಕೆ ನಗರದ ಬಾಯಾರಿಕೆಯನ್ನು ತಣಿಸಿದ ನದಿಯ ಗತಿ ಇದು.

ಅಲ್ಲಿಂದ ಕೆಳಗೆ ಅರ್ಕಾವತಿ ಮಂಚನಬೆಲೆ, ರಾಮನಗರ, ಕನಕಪುರಗಳನ್ನು ಹಾದು, ನಡುವೆ ನಗರದ ಕೊಳೆಯನ್ನೆಲ್ಲ ಹೊತ್ತು ಬರುವ ವೃಷಭಾವತಿಯನ್ನೂ ಕೂಡಿಸಿಕೊಂಡು, ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಅನಂತರ ಮೇಕೆದಾಟು, ಹೊಗೇನಕಲ್ಲು, ಮೆಟ್ಟೂರು, ತಿರುಚಿರಾಪಳ್ಳಿ, ತಂಜಾವೂರಿನ ಗದ್ದೆಬಯಲು. ಕಡೆಗೆ ಪೂಂಪುಹಾರಿನಲ್ಲಿ ಬಂಗಾಳ ಕೊಲ್ಲಿ. ಹೆಬ್ಬಾಳದ ಕಡೆಯ ಬಂಧುಗಳು ತಮಗೆ ಇದು ಸಂಬಂಧಿಸಿದ್ದಲ್ಲವೆಂದು ಭಾವಿಸಬೇಕಾಗಿಲ್ಲ. ಅವರ ಕಡೆಯ ನೀರು ದಕ್ಷಿಣ ಪಿನಾಕಿನಿಯ ದಾರಿ ಹಿಡಿದು ಕಡಲೂರಿನ ಬಳಿ ಅದೇ ಕೊಲ್ಲಿಗೆ ಇಳಿಯುತ್ತದೆ.

ನಾವು ಎಸೆದ ಪ್ರತಿಯೊಂದು ಚೀಲವೂ ಮರುದಿನವೇ ಕಡಲಿಗೆ ಹೋಗಿ ಬೀಳುತ್ತದೆಂದು ನಾನು ಹೇಳಲಾರೆ. ಬಹುಪಾಲು ಕಸ ಮೋರಿಯಲ್ಲಿ, ರಾಜಕಾಲುವೆಯ ತಿರುವಿನಲ್ಲಿ, ಕೆರೆಯ ಹೂಳಿನಲ್ಲಿ, ಅಣೆಕಟ್ಟಿನ ಹಿಂದೆ ನಿಲ್ಲುತ್ತದೆ. ಆದರೆ ಅದು ಅಲ್ಲಿ ಕೊಳೆಯುವುದಿಲ್ಲ. ಬಿಸಿಲಿಗೆ ಸೀಳಿ, ಚೂರಾಗಿ, ಚೂರು ಕಣವಾಗಿ, ದೊಡ್ಡ ಮಳೆಯ ವರ್ಷಕ್ಕಾಗಿ ಕಾಯುತ್ತದೆ. ನೆರೆ ಬಂದಾಗ ಅದೂ ಹೊರಡುತ್ತದೆ. ಪ್ರಪಂಚದಾದ್ಯಂತ ವರ್ಷಕ್ಕೆ ಸುಮಾರು ೧.೯ ಕೋಟಿಯಿಂದ ೨.೩ ಕೋಟಿ ಟನ್ನುಗಳಷ್ಟು ಪ್ಲಾಸ್ಟಿಕ್ ಕೆರೆ, ನದಿ, ಸಮುದ್ರಗಳನ್ನು ಸೇರುತ್ತಿದೆಯೆಂಬುದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜು. ಅದರಲ್ಲಿ ಒಳನಾಡಿನ ಊರುಗಳ ಪಾಲು ಇಲ್ಲವೆನ್ನಲಾದೀತೆ?

ಇಲ್ಲಿ ಇನ್ನೊಂದು ಮಾತು. ನೀರಿನ ವಿವಾದಗಳು ಎದ್ದಾಗಲೆಲ್ಲ "ವ್ಯರ್ಥವಾಗಿ ಸಮುದ್ರಕ್ಕೆ ಹರಿದುಹೋಗುವ ನೀರು" ಎಂಬ ಮಾತನ್ನು ನಾವೆಲ್ಲರೂ ಕೇಳುತ್ತೇವೆ. ನೀರಿನ ಹಂಚಿಕೆ ದೊಡ್ಡವರು ತೀರ್ಮಾನಿಸಬೇಕಾದ ವಿಷಯ. ಆದರೆ ಕಡಲು ಸೇರುವ ನೀರೆಲ್ಲವೂ ವ್ಯರ್ಥವೆಂಬ ಭಾವನೆ ಸರಿಯಲ್ಲ. ನದಿಯು ಹೊತ್ತೊಯ್ಯುವ ಮೆಕ್ಕಲು ಮಣ್ಣಿನಿಂದ ಮುಖಜಭೂಮಿ ನಿಲ್ಲುತ್ತದೆ. ಅದರ ಮರಳಿನಿಂದ ದಡ ಉಳಿಯುತ್ತದೆ. ಅದರ ಸಿಹಿನೀರು ಉಪ್ಪುನೀರಿನೊಡನೆ ಬೆರೆಯುವ ಅಳಿವೆಯಲ್ಲಿಯೇ ಮೀನಿನ ಮರಿಗಳು ಬೆಳೆಯುತ್ತವೆ. ವ್ಯರ್ಥವಾಗುವುದು ನೀರಲ್ಲ, ಶುದ್ಧವಾಗಿ ಹೋಗಬೇಕಾದ ನೀರನ್ನು ಹೊಲಸು ಮಾಡಿ ಕಳುಹಿಸಿದಾಗ ವ್ಯರ್ಥವಾಗುವುದು ನದಿಯ ಕಾಯಕ.

ದಡದವರ ಕಾಯಕ

ಮಗಳ ಸಂಸಾರ ಕೆಲವು ಕಾಲ ಹೊನ್ನಾವರದಲ್ಲಿದ್ದುದರಿಂದ ಶರಾವತಿಯ ಅಳಿವೆಯನ್ನೂ, ಅದರಾಚೆಯ ಕಾಸರಕೋಡಿನ ಕಡಲತೀರವನ್ನೂ ಬಿಡುವಾಗಿ ನೋಡುವ ಅವಕಾಶ ನನಗೆ ಒದಗಿತು. ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ, ಈ ಎರಡು ತೀರಗಳಿಗೆ ೨೦೨೦ರಲ್ಲಿ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮನ್ನಣೆ ದೊರೆತಿದೆ. ನೀರಿನ ಶುದ್ಧತೆ, ತೀರದ ಸ್ವಚ್ಛತೆ, ಬರುವವರ ಸುರಕ್ಷತೆಗಳನ್ನು ಪರೀಕ್ಷಿಸಿ ಕೊಡುವ ಮನ್ನಣೆಯದು. ನಮ್ಮ ರಾಜ್ಯಕ್ಕಿರುವ ಸುಮಾರು ೩೨೦ ಕಿಲೋಮೀಟರು ಕರಾವಳಿಯಲ್ಲಿ ಇಂತಹ ತೀರಗಳು ಹೆಚ್ಚಬೇಕು.

ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಬಾವುಟವಲ್ಲ. ಆ ಸೀಮೆಯ ಮರಳಿನಲ್ಲಿ ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಎಂಬ ಕಡಲಾಮೆಗಳು ಬಂದು, ಗುಂಡಿ ತೋಡಿ, ನೂರರ ಆಸುಪಾಸಿನಷ್ಟು ಮೊಟ್ಟೆಗಳನ್ನಿಟ್ಟು ಮುಚ್ಚಿ, ಹಿಂದಿರುಗಿ ನೋಡದೆ ಕಡಲಿಗೆ ಮರಳುತ್ತವೆ. ಮೊಟ್ಟೆಯೊಡೆದು ಮರಿಗಳು ಹೊರಬರಲು ಒಂದೂವರೆ ಎರಡು ತಿಂಗಳು ಬೇಕು. ಅಷ್ಟು ದಿನ ನಾಯಿ ನರಿಗಳಿಂದ ಗೂಡನ್ನು ಕಾಯುವವರು ಅರಣ್ಯ ಇಲಾಖೆಯವರು ಮತ್ತು ಊರಿನ ಮೀನುಗಾರರು. ಗೂಡಿನ ಸುತ್ತ ಬಲೆಯ ಬೇಲಿ ಕಟ್ಟಿರುವುದನ್ನು ನಾನು ಕಂಡೆ. ಮೀನು ಹಿಡಿಯುವ ಬಲೆ ಅಲ್ಲಿ ಜೀವ ಉಳಿಸುವ ಬೇಲಿಯಾಗಿತ್ತು. ಹೀಗೆ ಕಾಪಾಡಿ ಬಿಟ್ಟ ಮರಿ ಬೆಳೆದು ದೊಡ್ಡದಾದ ಮೇಲೆ, ನೀರಿನಲ್ಲಿ ತೇಲುವ ತೆಳು ಪ್ಲಾಸ್ಟಿಕ್ ಚೀಲವನ್ನು ತನ್ನ ಆಹಾರವಾದ ಅಂಬಲಿ ಮೀನೆಂದು ಭ್ರಮಿಸಿ ನುಂಗಿ ಸಾಯುವುದುಂಟು. ದಡದವರು ಕಾಯುವುದು, ಒಳನಾಡಿನವರು ಕೊಲ್ಲುವುದು ಎಂದಾದರೆ ಅದು ಯಾವ ಧರ್ಮ?

ಇನ್ನೊಂದು ಸಂಗತಿ. ಪ್ರತಿ ವರ್ಷ ಜೂನ್ ೧ರಿಂದ ಜುಲೈ ೩೧ರವರೆಗೆ, ಅರುವತ್ತೊಂದು ದಿನ, ಪಶ್ಚಿಮ ಕರಾವಳಿಯ ಯಾಂತ್ರಿಕ ದೋಣಿಗಳು ಮೀನುಗಾರಿಕೆಯನ್ನು ನಿಲ್ಲಿಸಿ ದಡ ಸೇರಬೇಕು. ಅದು ಮೀನುಗಳು ಮರಿಮಾಡುವ ಕಾಲ. ಕಾನೂನಿನ ಕಟ್ಟಳೆಯಾದರೂ ಅದರ ಭಾರವನ್ನು ಹೊರುವವರು ಆ ಕುಟುಂಬಗಳೇ. ಕಡಲು ಚೇತರಿಸಿಕೊಳ್ಳಲೆಂದು ಅವರು ವರ್ಷಕ್ಕೆ ಎರಡು ತಿಂಗಳ ಸಂಪಾದನೆಯನ್ನೇ ಬಿಟ್ಟುಕೊಡುತ್ತಾರೆ. ನಾವು ಅದೇ ಕಡಲಿಗಾಗಿ ಏನನ್ನು ಬಿಟ್ಟುಕೊಟ್ಟಿದ್ದೇವೆ?

ಮೀನು ತಿನ್ನುವವರ ಪಾಡು ನಮಗೇಕೆ ಎಂಬ ಮಾತಿಗೆ ಶರಣ ಪರಂಪರೆಯಲ್ಲಿ ಎಡೆಯೇ ಇಲ್ಲ. ನೀರಿನ ಮೇಲೆ ಬದುಕಿದ ಅಂಬಿಗರ ಚೌಡಯ್ಯನವರು ಹನ್ನೆರಡನೆಯ ಶತಮಾನದಲ್ಲಿಯೇ ಶರಣರ ಸಾಲಿನಲ್ಲಿ ನಿಂತು, ಯಾರ ಮುಖವನ್ನೂ ನೋಡದೆ ನಿಷ್ಠುರ ಸತ್ಯವನ್ನು ನುಡಿದವರು. ದೋಣಿಯವರ ಕಾಯಕ ನಮಗೆ ಹೊರಗಿನದಲ್ಲ.

ಕಡಲಿನ ಗಂಡಾಂತರಗಳೆಲ್ಲವೂ ನಮ್ಮ ಮನೆಯಿಂದಲೇ ಹೊರಟವೆಂದು ಇದರರ್ಥವಲ್ಲ. ೨೦೨೫ರ ಮೇ ತಿಂಗಳಲ್ಲಿ ಕೇರಳದ ಕರಾವಳಿಯಾಚೆ ಎಂಎಸ್‌ಸಿ ಎಲ್ಸಾ ೩ ಎಂಬ ಹಡಗು ನೂರಾರು ಕಂಟೇನರುಗಳೊಡನೆ ಮುಳುಗಿ, ಸಾಬೂದಾಣಿಯಂತಹ ಪ್ಲಾಸ್ಟಿಕ್ ಕಾಳುಗಳು ಮೈಲುಗಟ್ಟಲೆ ದಡದಲ್ಲಿ ಹರಡಿದುದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ೨೦೨೧ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತವು ನಮ್ಮ ಕರಾವಳಿಯ ಮನೆಗಳನ್ನು, ರಸ್ತೆಗಳನ್ನು ಕೊಚ್ಚಿತು. ಹಡಗಿನ ಒಡೆಯರು, ಕಾರ್ಖಾನೆಗಳು, ಸರ್ಕಾರಗಳು ಮಾಡಬೇಕಾದುದು ಬಹಳವಿದೆ. ಅದನ್ನು ಕೇಳುವ ಹಕ್ಕೂ ನಮಗಿದೆ. ಆದರೆ ತಮ್ಮ ಅಂಗಳವನ್ನು ಗುಡಿಸಿದವರು ಕೇಳಿದರೆ ಆ ಮಾತಿಗೆ ತೂಕ ಹೆಚ್ಚು.

ದಾಸೋಹದ ಎಲೆ

ಜಾಗೃತಿ ಮೂಡಿಸುವ ಕಾರ್ಯಕ್ರಮಗಳಿಗೆ ಕೊರತೆಯಿಲ್ಲ. ೨೦೨೨ರಲ್ಲಿ ಕೇಂದ್ರ ಸರ್ಕಾರವು ಎಪ್ಪತ್ತೈದು ದಿನಗಳ ಸ್ವಚ್ಛ ಸಾಗರ, ಸುರಕ್ಷಿತ ಸಾಗರ ಅಭಿಯಾನವನ್ನು ನಡೆಸಿತು. ಪ್ರತಿ ವರ್ಷ ಸೆಪ್ಟೆಂಬರಿನ ಮೂರನೆಯ ಶನಿವಾರ ಜಗತ್ತಿನ ಹಲವು ದೇಶಗಳಲ್ಲಿ ಕಡಲತೀರಗಳನ್ನು ಗುಡಿಸುತ್ತಾರೆ. ಕಾನೂನಿಗೂ ಕೊರತೆಯಿಲ್ಲ. ನಮ್ಮ ರಾಜ್ಯವು ೨೦೧೬ರಲ್ಲಿಯೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು; ೨೦೨೨ರ ಜುಲೈ ೧ರಿಂದ ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ವಸ್ತುಗಳು ದೇಶಾದ್ಯಂತ ನಿಷಿದ್ಧವಾದವು. ಆದರೂ ಮದುವೆ ಮನೆಯ ಹಿಂಬಾಗಿಲಿಗೆ ಹೋಗಿ ನೋಡಿದರೆ ನಿಷೇಧದ ನೆನಪೂ ಅಲ್ಲಿ ಕಾಣದು.

ಕಾರಣವನ್ನು ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಅರಿವು ಮತ್ತು ಆಚಾರ ಬೇರೆಬೇರೆಯಾದರೆ ಎರಡೂ ಕೆಡುತ್ತವೆಂಬುದು ನಮ್ಮ ಹಿರಿಯರು ಬದುಕಿ ತೋರಿದ ಪಾಠ. ಪ್ಲಾಸ್ಟಿಕ್ ಕೆಟ್ಟದ್ದೆಂಬ ಅರಿವು ಇಂದು ಶಾಲೆಯ ಮಗುವಿಗೂ ಇದೆ. ಅದು ಆಚಾರಕ್ಕೆ ಇಳಿದಿಲ್ಲ.

ಈ ಆಚಾರಕ್ಕೆ ತಕ್ಕ ಜಾಗ ದಾಸೋಹಕ್ಕಿಂತ ಬೇರೊಂದಿಲ್ಲವೆಂದು ನನ್ನ ನಂಬಿಕೆ. ಶಿವರಾತ್ರಿಯ ಸಮಯದಲ್ಲಿ ಸಿದ್ಧಗಂಗೆಯ ಜಾತ್ರೆಗೆ ಹೋಗುವ ಭಕ್ತರು ನಮ್ಮೂರ ಮುಂದೆಯೇ ಹಾದುಹೋಗುತ್ತಾರೆ. ಹಿಂದೆ ಇಂತಹ ದಾರಿಗಳಲ್ಲಿ ಅರವಟ್ಟಿಗೆ ಕಟ್ಟಿ ಮಣ್ಣಿನ ಹರವಿಯ ನೀರನ್ನು, ಪಾನಕ ಮಜ್ಜಿಗೆಯನ್ನು ಲೋಟದಲ್ಲಿ ಕೊಡುತ್ತಿದ್ದರು. ಕುಡಿದವರು ಲೋಟವನ್ನು ಅಲ್ಲಿಯೇ ಇಟ್ಟು ಮುಂದೆ ಹೋಗುತ್ತಿದ್ದರು. ಅರವಟ್ಟಿಗೆ ಎತ್ತಿದ ಮೇಲೆ ನೆಲದಲ್ಲಿ ಒದ್ದೆಯ ಗುರುತಲ್ಲದೆ ಮತ್ತೇನೂ ಉಳಿಯುತ್ತಿರಲಿಲ್ಲ. ಇಂದು ನೀರಿನ ಬಾಟಲಿಗಳನ್ನು ಹಂಚುವುದೇ ಸೇವೆಯೆಂದಾಗಿದೆ.

ನಮ್ಮ ಬಳಗದವರು ಬಸವ ಜಯಂತಿಯ ದಾಸೋಹಕ್ಕೆ ಮೊದಲು ಕುಳಿತು ಒಂದು ಲೆಕ್ಕ ಹಾಕಿದೆವು. ಬರುವವರು ನಾನೂರು ಮಂದಿ. ಒಬ್ಬರಿಗೆ ಹೊಳೆಯುವ ಪದರದ ಕಾಗದದ ತಟ್ಟೆ ಒಂದು, ಪಾಯಸದ ಬಟ್ಟಲು ಒಂದು, ಲೋಟ ಒಂದು, ನೀರಿನ ಬಾಟಲಿ ಒಂದು. ಒಂದು ಹೊತ್ತಿನ ಪ್ರಸಾದಕ್ಕೆ ೧,೬೦೦ ವಸ್ತುಗಳ ಕಸ! ಅಂಕಿಯನ್ನು ಗಟ್ಟಿಯಾಗಿ ಓದಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಎದ್ದ ಪ್ರಶ್ನೆ ಒಂದೇ: "ಅಷ್ಟು ಲೋಟ ಯಾರು ತೊಳೀತಾರೆ ಅಕ್ಕಾ?"

ಪ್ರಶ್ನೆ ನ್ಯಾಯವಾದದ್ದು. ಹಬ್ಬದ ದಿನ ತೊಳೆಯುವ ಕೆಲಸ ಹೆಂಗಸರ ತಲೆಗೇ ಬರುತ್ತದೆಂಬುದು ಎಲ್ಲರಿಗೂ ಗೊತ್ತು. ಆದ್ದರಿಂದ ತೊಳೆಯುವ ಸರದಿಯಲ್ಲಿ ಗಂಡಸರೂ ಇರತಕ್ಕದ್ದೆಂದು ಮೊದಲೇ ಮಾತಾಯಿತು. ಊಟಕ್ಕೆ ಬಾಳೆಯೆಲೆ ಮತ್ತು ಮುತ್ತುಗದೆಲೆ, ಪಾಯಸಕ್ಕೆ ದೊನ್ನೆ. ನಾನೂರು ಲೋಟಗಳನ್ನು ಬಾಡಿಗೆಗೆ ತರುವ ಬದಲು ಮನೆಮನೆಯಿಂದ ಹತ್ತು ಇಪ್ಪತ್ತರಂತೆ ಕೂಡಿಸಿದೆವು. ನಮ್ಮ ಹೆಂಗಸರು ಸ್ಟೀಲಿನ ಪಾತ್ರೆಗಳ ಮೇಲೆ ಹೆಸರು ಕೆತ್ತಿಸುವ ರೂಢಿ ಅಂದು ಪ್ರಯೋಜನಕ್ಕೆ ಬಂತು. ಯಾರದೋ ಮದುವೆಯ ಉಡುಗೊರೆ, ಯಾರದೋ ಅತ್ತೆಯವರ ನೆನಪಿನ ಲೋಟ ಊರಿನವರ ಕೈಯಲ್ಲೆಲ್ಲ ಓಡಾಡಿ ಸಂಜೆಗೆ ತನ್ನ ಮನೆಗೆ ಮರಳಿತು. ಸಂಜೆ ಎಣಿಸಿದಾಗ ಮೂರು ಕಡಿಮೆ. ಅವೂ ಎರಡು ದಿನಗಳಲ್ಲಿ ಬಂದು ಸೇರಿದವು. ಎಲೆ ದೊನ್ನೆಗಳು ಹತ್ತಿರದ ತೋಟವೊಂದರ ಗೊಬ್ಬರದ ಗುಂಡಿಗೆ ಹೋದವು.

ಎಲ್ಲವೂ ಸಾಂಗವಾಯಿತೆಂದು ಹೇಳಿದರೆ ಅದು ಉತ್ಪ್ರೇಕ್ಷೆ. ಕೆಲವರು ಬಾಟಲಿಗಳನ್ನು ಹಿಡಿದೇ ಬಂದರು. ವರ್ಷವರ್ಷವೂ ನೀರಿನ ಪೆಟ್ಟಿಗೆಗಳನ್ನು ಭಕ್ತಿಯಿಂದ ಕೊಡುತ್ತಿದ್ದ ದಾನಿಯೊಬ್ಬರಿಗೆ ಬೇಸರವಾಯಿತು. ಅವರ ಮನೆಗೆ ಹೋಗಿ, ಅದೇ ಹಣದಲ್ಲಿ ಬಳಗಕ್ಕೆ ಲೋಟಗಳನ್ನು ಕೊಡಿಸಿದರೆ ಇಪ್ಪತ್ತು ವರ್ಷ ನಿಮ್ಮ ಹೆಸರಿನಲ್ಲಿ ನೀರು ಕೊಟ್ಟಂತಾಗುತ್ತದೆಂದು ಬಿನ್ನವಿಸಿದೆವು. ಅವರಿನ್ನೂ ಹೂಂ ಎಂದಿಲ್ಲ. ಉಹೂಂ ಎಂದೂ ಹೇಳಿಲ್ಲ. ಆದರೆ ಕೂಟದಲ್ಲಿ ಸಮುದ್ರಕ್ಕೂ ನಮಗೂ ಏನು ಸಂಬಂಧವೆಂದು ಕೇಳಿದ ಆ ಹಿರಿಯ ತಾಯಿ ಅಂದು ಕೈತೊಳೆಯುವಲ್ಲಿ ನಿಂತು, ಬಿಸಾಡುವ ಬಾಟಲಿಗಳನ್ನೆಲ್ಲ ಮೋರಿಗೆ ಬೀಳದಂತೆ ಗೋಣಿಚೀಲಕ್ಕೆ ತುಂಬಿಸುತ್ತಿದ್ದರು.

ಮನೆಗಳಲ್ಲಿ ಮಾಡಬಹುದಾದ ಕೆಲಸಗಳೂ ದೊಡ್ಡವೇನಲ್ಲ. ಅಂಗಡಿಗೆ ಹೊರಡುವಾಗ ಬಟ್ಟೆಯ ಕೈಚೀಲ. ಪೂಜೆಯ ಹೂವು ಪತ್ರೆಗಳಿಗೆ ಬುಟ್ಟಿ. ಹಸಿಕಸ ಒಣಕಸಗಳನ್ನು ಬೇರೆ ಮಾಡುವ ಅಭ್ಯಾಸ. ಕರಿದ ಎಣ್ಣೆಯನ್ನೂ, ಉಳಿದ ಔಷಧಿಯನ್ನೂ ಬಚ್ಚಲಿಗೆ ಸುರಿಯದಿರುವುದು. ಬಟ್ಟೆಯ ಸೋಪಿನ ಪುಡಿಯನ್ನು ಹಿತಮಿತವಾಗಿ ಬಳಸುವುದು. ಗೌರಿ ಗಣೇಶರನ್ನು ತರುವ ಮನೆಗಳಲ್ಲಿ ಬಣ್ಣವಿಲ್ಲದ ಮಣ್ಣಿನ ಮೂರ್ತಿಯನ್ನೇ ತಂದು ಬಕೆಟ್ಟಿನ ನೀರಿನಲ್ಲಿ ವಿಸರ್ಜಿಸಿ, ಆ ಮಣ್ಣನ್ನು ಗಿಡಕ್ಕೆ ಹಾಕುವುದು. ಮಕ್ಕಳಿಗೆ ಊರಿನ ನೀರು ಯಾವ ಕೆರೆಗೆ, ಯಾವ ಹೊಳೆಗೆ, ಯಾವ ಕಡಲಿಗೆ ಹೋಗುತ್ತದೆಂಬುದನ್ನು ನಕ್ಷೆಯಲ್ಲಿ ಬೆರಳಿಟ್ಟು ತೋರಿಸಿದರೆ ಉಳಿದುದನ್ನು ಅವರೇ ನಮಗೆ ಕಲಿಸುತ್ತಾರೆ.

ನೀರು ನಮಗೆ ಬರಿಯ ಬಳಕೆಯ ವಸ್ತುವಲ್ಲ. ಅಷ್ಟಾವರಣಗಳಲ್ಲಿ ಪಾದೋದಕಕ್ಕೂ ಪ್ರಸಾದಕ್ಕೂ ಸ್ಥಾನ ಕೊಟ್ಟ ಸಮಾಜ ನಮ್ಮದು. ಅಂಗೈಯಲ್ಲಿ ಹಿಡಿದ ತೀರ್ಥ ಒಂದು ಹನಿ ನೆಲಕ್ಕೆ ಬೀಳದಂತೆ ನೋಡಿಕೊಳ್ಳುವ ನಾವು, ಅದೇ ನೀರು ಬಚ್ಚಲು ದಾಟಿದ ಮೇಲೆ ಏನಾಯಿತೆಂದು ಕೇಳುವ ರೂಢಿಯನ್ನು ಬೆಳೆಸಿಕೊಳ್ಳಬೇಕಾಗಿದೆ. ಪ್ರಸಾದ ಮುಗಿದ ಮೇಲೆ ಉಳಿಯುವುದು ಗಿಡದ ಬುಡಕ್ಕೆ ಹೋಗುವ ಎಲೆ ಮಾತ್ರವಾಗಬೇಕು. ಇನ್ನು ಮುಂದೆ ತಮ್ಮ ಊರಿನಲ್ಲಿ, ಮನೆಯಲ್ಲಿ, ಮಠದಲ್ಲಿ ನಡೆಯುವ ಒಂದು ದಾಸೋಹವನ್ನಾದರೂ ಹೀಗೆ ನಡೆಸಿ ನೋಡಬೇಕೆಂದು ಎಲ್ಲ ಶರಣ ಬಂಧುಗಳಲ್ಲಿ ನನ್ನ ವಿನಮ್ರ ವಿನಂತಿ.